ಅಣ್ಣ-ತಂಗಿ ಸೇರಿ ಜಾಝ್ ಕಲಿಯುವುದು ಹೇಗೆ, ದಾರಿ ಬೇರೆಯಾದಾಗ ಏನು ಮಾಡುವುದು

ಮನೆಯಲ್ಲಿ ಇಬ್ಬರು ಮಕ್ಕಳು ವಾದ್ಯ ನುಡಿಸುತ್ತಾರೆ ಅಂದರೆ ಜಾಝ್ ಕಲಿಯಲು ಬೇಕಾದ ಅರ್ಧ ಸಾಮಾನು ಮನೆಯಲ್ಲೇ ಇದೆ ಅಂತ ಲೆಕ್ಕ. ಉಳಿದ ಅರ್ಧ ಅಂದರೆ ಕಿವಿ, ತಾಳ್ಮೆ, ಮತ್ತು ಜಗಳವಾಡಿದ ಮೇಲೂ ಮರುದಿನ ಅದೇ ರೂಮಿನಲ್ಲಿ ಕೂರುವ ಅಭ್ಯಾಸ. ಅದು ಒಡಹುಟ್ಟಿದವರಿಗೆ ಹೇಗೂ ಇದ್ದೇ ಇರುತ್ತದೆ.

ನಾನು ಕೀಬೋರ್ಡ್, ತಂಗಿ ಆಲ್ಟೋ ಸ್ಯಾಕ್ಸೋಫೋನ್. ಮೈಸೂರಿನ ಮನೆ, ಅಮ್ಮ ಕರ್ನಾಟಕ ಸಂಗೀತ ಕಲಿತವರು. ಇಬ್ಬರೂ ಐದಾರು ವರ್ಷ ಒಟ್ಟಿಗೆ ಜಾಝ್ ಕಲಿತೆವು. ಈಗ ಅವಳಿಗೆ ಅದೇ ಹೊಟ್ಟೆಪಾಡು. ನಾನು ಆಡಿಟ್ ಆಫೀಸಿನಲ್ಲಿದ್ದೇನೆ. ಈ ಬರಹ ಜಾಝ್ ಕಲಿಯಬೇಕು ಅಂತಿರುವ ಅಣ್ಣತಮ್ಮ, ಅಕ್ಕತಂಗಿಯರಿಗೆ. ಗುರುಗಳು ಸಿಕ್ಕರೆ ತುಂಬಾ ಒಳ್ಳೇದು. ಸಿಗದಿದ್ದರೂ ಶುರು ಮಾಡಬಹುದು, ನಾವು ಶುರು ಮಾಡಿದ್ದೂ ಹಾಗೇ.

ಮೊದಲು ವಾದ್ಯದ ಮಾತು. ಆಯ್ಕೆ ಇನ್ನೂ ನಿಮ್ಮ ಕೈಯಲ್ಲಿದ್ದರೆ ಇಬ್ಬರೂ ಒಂದೇ ವಾದ್ಯ ಹಿಡಿಯಬೇಡಿ. ಹೋಲಿಕೆ ಶುರುವಾಗುತ್ತದೆ, ಬಂದ ನೆಂಟರೆಲ್ಲ "ಯಾರು ಚೆನ್ನಾಗಿ ನುಡಿಸ್ತಾರೆ?" ಅಂತ ಕೇಳುತ್ತಾರೆ. ನ್ಯೂ ಆರ್ಲಿಯನ್ಸ್‌ನ ಮಾರ್ಸಾಲಿಸ್ ಮನೆ ನೋಡಿ. ಅಪ್ಪ ಎಲ್ಲಿಸ್ ಪಿಯಾನೋ, ಬ್ರಾನ್‌ಫರ್ಡ್ ಸ್ಯಾಕ್ಸೋಫೋನ್, ವಿಂಟನ್ ಟ್ರಂಪೆಟ್, ಡೆಲ್ಫಿಯೋ ಟ್ರಾಂಬೋನ್, ಕೊನೆಯವನು ಜೇಸನ್ ಡ್ರಮ್ಸ್. ಬಾಸ್ ಒಂದು ಬಿಟ್ಟರೆ ಪೂರ್ತಿ ಬ್ಯಾಂಡೇ ಒಂದು ಮನೆಯಲ್ಲಿ. ಇನ್ನು ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನ ಜೋನ್ಸ್ ಅಣ್ಣತಮ್ಮಂದಿರು: ಹ್ಯಾಂಕ್ ಪಿಯಾನೋ, ಥ್ಯಾಡ್ ಟ್ರಂಪೆಟ್, ಎಲ್ವಿನ್ ಡ್ರಮ್ಸ್. ಹ್ಯಾಂಕ್ ಹುಟ್ಟಿದ್ದು 1918ರಲ್ಲಿ, ಎಲ್ವಿನ್ 1927ರಲ್ಲಿ. ಮನೆತುಂಬ ಮಕ್ಕಳಿದ್ದ ಆ ಮನೆಗೆ ಎಲ್ವಿನ್ನೇ ಕಿರಿಯವರು. ಸೈನ್ಯದಿಂದ 1949ರಲ್ಲಿ ವಾಪಸ್ ಬಂದಾಗ ಕೈಯಲ್ಲಿದ್ದ ದುಡ್ಡಿಗೆ ಅಕ್ಕನಿಂದ ಸಾಲ ತಂದ 35 ಡಾಲರ್ ಸೇರಿಸಿ ಮೊದಲ ಡ್ರಮ್ ಸೆಟ್ ಕೊಂಡರಂತೆ. ಆ ಅಕ್ಕನ 35 ಡಾಲರ್ ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ನನಗೆ ಆಗಾಗ ಅನಿಸುತ್ತದೆ.

ಹನ್ನೆರಡು ಬಾರ್‌ನ ಮನೆ

ಜಾಝ್ ಅಂದರೆ ಮನಸ್ಸಿಗೆ ಬಂದದ್ದನ್ನು ನುಡಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ಕಲ್ಪನಾಸ್ವರ ಹಾಡುವವರು ತಾಳ, ರಾಗ, ಎಡುಪು ಮೂರನ್ನೂ ಹಿಡಿದುಕೊಂಡು ಹಾಡುತ್ತಾರಲ್ಲ, ಇದೂ ಹಾಗೆ ಲೆಕ್ಕದೊಳಗಿನ ಆಟ. ಆ ಲೆಕ್ಕಕ್ಕೆ ಅತ್ಯಂತ ಸುಲಭದ ರೂಪ ಹನ್ನೆರಡು ಬಾರ್‌ನ ಬ್ಲೂಸ್. ಒಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಅದು ಮುಗಿದ ತಕ್ಷಣ ಮತ್ತೆ ಮೊದಲಿನಿಂದ.

ಎಫ್‌ನಲ್ಲಿ ಶುರು ಮಾಡಿ. ಎಫ್ 7 ಥರದ್ದೆಲ್ಲ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು; ಫ್ಲಾಟ್ ಅಂದರೆ ಒಂದು ಮೆಟ್ಟಿಲು ಕೆಳಗಿನ ಸ್ವರ. ಮೊದಲ ನಾಲ್ಕು ಬಾರ್ ಎಫ್ 7, ಆಮೇಲೆ ಎರಡು ಬಾರ್ ಬಿ ಫ್ಲಾಟ್ 7, ಮತ್ತೆ ಎರಡು ಬಾರ್ ಎಫ್ 7, ಒಂದು ಬಾರ್ ಸಿ 7, ಒಂದು ಬಾರ್ ಬಿ ಫ್ಲಾಟ್ 7, ಕೊನೆಗೆ ಎರಡು ಬಾರ್ ಎಫ್ 7. ಇಷ್ಟೇ. ಜಾಝ್‌ನವರು ಇದಕ್ಕೆ ನೂರೆಂಟು ಒಗ್ಗರಣೆ ಹಾಕುತ್ತಾರೆ, ಒಂಬತ್ತನೇ ಬಾರ್‌ನಲ್ಲಿ ಜಿ ಮೈನರ್ 7, ಹತ್ತರಲ್ಲಿ ಸಿ 7 ಅಂತೆಲ್ಲ. ಅದು ಆಮೇಲೆ ಇರಲಿ.

ಇಲ್ಲೇ ಒಂದು ಜಗಳ ಕಾದಿರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಾನು ಕೀಬೋರ್ಡಿನಲ್ಲಿ ಎಫ್ ಒತ್ತಿದೆ, ತಂಗಿ ಸ್ಯಾಕ್ಸೋಫೋನಿನಲ್ಲಿ ಎಫ್ ಊದಿದಳು, ಎರಡೂ ಹೊಂದಲೇ ಇಲ್ಲ. ನಿನ್ನದು ಅಪಸ್ವರ, ನಿನ್ನದು ಅಪಸ್ವರ ಅಂತ ಒಂದು ಸಂಜೆ ಪೂರ್ತಿ ಹಾಳು. ವಿಷಯ ಏನಪ್ಪಾ ಅಂದರೆ ಆಲ್ಟೋ ಸ್ಯಾಕ್ಸೋಫೋನು ಇ ಫ್ಲಾಟ್ ವಾದ್ಯ, ಅಂದರೆ ಅದರಲ್ಲಿ ಸಿ ಊದಿದರೆ ಕೇಳುವುದು ಕೀಬೋರ್ಡಿನ ಇ ಫ್ಲಾಟ್. ಕೀಬೋರ್ಡಿನ ಎಫ್ ಅವಳಿಗೆ ಡಿ. ಟೆನರ್ ಸ್ಯಾಕ್ಸೋಫೋನೋ ಟ್ರಂಪೆಟ್ಟೋ ಆಗಿದ್ದರೆ ಅದೇ ಎಫ್ ಅವರಿಗೆ ಜಿ. ಇದನ್ನು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಗಿಟಾರ್, ಪಿಟೀಲು, ಕೊಳಲು ಇದ್ದವರಿಗೆ ಈ ತಲೆನೋವಿಲ್ಲ.

ನುಡಿಸುವ ಮೊದಲು ಕೇಳಿ. ಡ್ಯೂಕ್ ಎಲಿಂಗ್ಟನ್ 1942ರಲ್ಲಿ ರೆಕಾರ್ಡ್ ಮಾಡಿದ 'ಸಿ ಜ್ಯಾಮ್ ಬ್ಲೂಸ್' ಹುಡುಕಿ ಕೇಳಿ. ಅದರ ಹಾಡಿನಲ್ಲಿ ಇರುವುದು ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಪ ಮತ್ತು ಮೇಲಿನ ಸ. ಎರಡು ಸ್ವರದಲ್ಲಿ ಒಂದು ಹಾಡು, ಅದೂ ಕೇಳಿದವರು ತಲೆದೂಗುವಂಥದ್ದು! ಅದು ಸಾಧ್ಯವಾಗಿರುವುದು ಲಯದಿಂದ. ಹಾಗಾಗಿ ನಿಮ್ಮ ಮೊದಲ ವಾರದ ಪಾಠ ಇದೇ: ಎರಡೇ ಸ್ವರ ಇಟ್ಟುಕೊಂಡು ಹನ್ನೆರಡು ಬಾರ್ ನುಡಿಸಿ. ಮೂರನೇ ಸ್ವರ ಮುಟ್ಟಿದವರು ಪಾತ್ರೆ ತೊಳೆಯಬೇಕು. ನಮ್ಮ ಮನೆಯಲ್ಲಿ ಈ ನಿಯಮ ನಿಜಕ್ಕೂ ಇತ್ತು, ಜಾಸ್ತಿ ತೊಳೆದವನು ನಾನು.

ಸ್ವಿಂಗ್ ಅನ್ನುವ ತೂಗಾಟ ಬರುವುದು ಹೇಗೆ ಅಂತ ಕೇಳುತ್ತೀರಿ. ಪುಸ್ತಕದಲ್ಲಿ ಅದನ್ನು ವಿವರಿಸುವುದು ಕಷ್ಟ, ಬಾಯಲ್ಲಿ ಸುಲಭ. ತಕಿಟ ತಕಿಟ ತಕಿಟ ತಕಿಟ ಅಂತ ನಾಲ್ಕು ಎಣಿಕೆಗೆ ಹೇಳಿ. ಈಗ 'ಕಿ'ಯನ್ನು ಬಾಯೊಳಗೇ ನುಂಗಿ, 'ತ' ಮತ್ತು 'ಟ' ಮಾತ್ರ ಹೊರಗೆ ಬರಲಿ. ತ-ಟ, ತ-ಟ, ತ-ಟ. ಇದು ನಿಧಾನ ಕಾಲದ ಸ್ವಿಂಗ್. ವೇಗ ಹೆಚ್ಚಿದ ಹಾಗೆ ಎರಡರ ಅಂತರ ಸಮ ಆಗುತ್ತಾ ಹೋಗುತ್ತದೆ. ಇನ್ನೊಂದು, ಟಕ್ ಟಕ್ ಅಂತ ಕಾಲ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 50ಕ್ಕೆ ಇಟ್ಟು ಅದರ ಟಕ್ ಶಬ್ದವನ್ನು ಎರಡು ಮತ್ತು ನಾಲ್ಕು ಅಂತ ಎಣಿಸಿ. ನೀವು ನುಡಿಸುವ ಕಾಲ ಆಗ 100. ಸಮದ ಮೇಲೆ ಪೆಟ್ಟು ಹಾಕಿ ಬೆಳೆದ ಕೈ ನಮ್ಮದು, ಮೊದಲ ಹತ್ತು ದಿನ ಟಕ್ ಅಂದಾಗಲೆಲ್ಲ ಅದನ್ನೇ ಒಂದು ಅಂತ ಎಣಿಸುತ್ತೇವೆ. ಪರವಾಗಿಲ್ಲ. ಹನ್ನೊಂದನೇ ದಿನ ಸರಿಹೋಗುತ್ತದೆ.

ಎರಡು ಗಾಂಧಾರ

ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿದ್ದರೆ ಸ್ಕೇಲುಗಳ ಅರ್ಧ ಹೊರೆ ಇಳಿದಂತೆ. ಅವರ ಡೋರಿಯನ್ ನಮ್ಮ ಖರಹರಪ್ರಿಯದ ಸ್ವರಗಳು. ಮಿಕ್ಸೋಲಿಡಿಯನ್ ಅಂದರೆ ಹರಿಕಾಂಭೋಜಿ. ಲಿಡಿಯನ್ ಅಂದರೆ ಮೇಚಕಲ್ಯಾಣಿ. ಮೇಜರ್ ಪೆಂಟಾಟೋನಿಕ್ ಮೋಹನ, ಮೈನರ್ ಪೆಂಟಾಟೋನಿಕ್ ಶುದ್ಧ ಧನ್ಯಾಸಿ. ಬ್ಲೂಸ್ ಸ್ಕೇಲ್ ಬೇಕು ಅಂದರೆ ಶುದ್ಧ ಧನ್ಯಾಸಿಗೆ ಒಂದು ಪ್ರತಿ ಮಧ್ಯಮ ಸೇರಿಸಿ. ಸ್ವರಗಳ ಮಟ್ಟಿಗೆ ಮಾತ್ರ ಈ ಹೋಲಿಕೆ ಅನ್ನುವುದು ನೆನಪಿರಲಿ. ರಾಗಕ್ಕೆ ಅದರದ್ದೇ ಗಮಕ, ಸಂಚಾರ ಎಲ್ಲ ಇದೆ, ಅದನ್ನು ಇಲ್ಲಿ ಎಳೆದು ತಂದರೆ ಎರಡೂ ಕೆಡುತ್ತವೆ. ನನ್ನ ತಂಗಿ ಮೊದಲ ವರ್ಷ ಪ್ರತಿ ಸ್ವರವನ್ನೂ ಅಲುಗಾಡಿಸುತ್ತಿದ್ದಳು.

ನಿಜವಾದ ಕಷ್ಟ ಬೇರೆ ಕಡೆ ಇದೆ. ನಾವು ತಂಬೂರಿ ಕೇಳಿ ಬೆಳೆದವರು. ಸ ಕದಲುವುದಿಲ್ಲ. ಜಾಝ್‌ನಲ್ಲಿ ಕಾಲ ಕೆಳಗಿನ ನೆಲವೇ ಪ್ರತಿ ಕೆಲವು ಬಾರ್‌ಗೆ ಸರಿಯುತ್ತದೆ. ಎಫ್ 7 ಇದ್ದಾಗ ಸಿಹಿಯಾಗಿದ್ದ ಸ್ವರ ಬಿ ಫ್ಲಾಟ್ 7 ಬಂದ ಕೂಡಲೇ ಹುಳಿ ಅನಿಸುತ್ತದೆ. ಇದನ್ನು ಕಿವಿಗೆ ಹತ್ತಿಸಲು ನಾವು ಮಾಡಿದ ಒಂದೇ ಅಭ್ಯಾಸ ಹೇಳುತ್ತೇನೆ, ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಪ್ರತಿ ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ ಮಾತ್ರ ತಗೊಳ್ಳಿ. ಎಫ್ 7ಕ್ಕೆ ಅದು ಎ ಮತ್ತು ಇ ಫ್ಲಾಟ್. ಎಫ್ ಅನ್ನು ಸ ಅಂದುಕೊಂಡರೆ ಅಂತರ ಗಾಂಧಾರ, ಕೈಶಿಕಿ ನಿಷಾದ. ಬಿ ಫ್ಲಾಟ್ 7 ಬಂದಾಗ ಎ ಇದ್ದದ್ದು ಎ ಫ್ಲಾಟ್‌ಗೆ ಇಳಿಯುತ್ತದೆ, ಇ ಫ್ಲಾಟ್ ಇದ್ದದ್ದು ಡಿಗೆ ಇಳಿಯುತ್ತದೆ. ಎರಡೂ ಒಂದೊಂದೇ ಮೆಟ್ಟಿಲು ಕೆಳಗೆ. ಅಂದರೆ ಅಂತರ ಗಾಂಧಾರ ಸಾಧಾರಣ ಗಾಂಧಾರವಾಯಿತು, ನಿಷಾದ ಚತುಶ್ರುತಿ ಧೈವತವಾಯಿತು. ಎಫ್ 7ರಿಂದ ಸಿ 7ಗೆ ಹೋಗುವಾಗ ತದ್ವಿರುದ್ಧ. ಎ ಹೋಗಿ ಬಿ ಫ್ಲಾಟ್, ಇ ಫ್ಲಾಟ್ ಹೋಗಿ ಇ, ಎರಡೂ ಒಂದೊಂದು ಮೆಟ್ಟಿಲು ಮೇಲೆ. ಒಬ್ಬರು ಮೂರನೇ ಸ್ವರದಿಂದ ಶುರು ಮಾಡಿ, ಇನ್ನೊಬ್ಬರು ಏಳನೆಯದರಿಂದ. ಬೇರೇನೂ ನುಡಿಸದೆ ಬರೀ ಈ ಎರಡು ಎಳೆಗಳನ್ನು ಉದ್ದ ಉದ್ದ ಹಿಡಿದು ಹನ್ನೆರಡು ಬಾರ್ ದಾಟಿ. ಮುಂದಿನ ಸುತ್ತಿಗೆ ಎಳೆ ಬದಲಾಯಿಸಿಕೊಳ್ಳಿ. ಮೊದಲ ಸಲ ಇದು ಸರಿಯಾಗಿ ಕೂತ ರಾತ್ರಿ ಕಾರ್ಡುಗಳು ಬದಲಾಗುವುದು ಕಣ್ಣಿಗೇ ಕಂಡ ಹಾಗೆ ಆಯಿತು ನನಗೆ. ಅಡುಗೆಮನೆಯಿಂದ ಅಮ್ಮ ಕೂಗಿದರು, "ಏನ್ರೋ ಅದು, ಒಂದೇ ಹಾಡಲ್ಲಿ ಎರಡು ಗಾಂಧಾರಾನಾ?"

ಹೌದಮ್ಮ, ಎರಡು. ಆ ಎರಡು ಗಾಂಧಾರದ ನಡುವಿನ ಜಾರುವಿಕೆಯಲ್ಲೇ ಬ್ಲೂಸ್‌ನ ಪ್ರಾಣ ಇರುವುದು. ತಂಗಿಯ ಗಮಕದ ಕೈ ಕೊನೆಗೂ ಉಪಯೋಗಕ್ಕೆ ಬಂದದ್ದು ಇಲ್ಲೇ.

ಬ್ಲೂಸ್ ಆರು ತಿಂಗಳು ಆದಮೇಲೆ ಮೈಲ್ಸ್ ಡೇವಿಸ್‌ರ 1959ರ 'ಸೋ ವಾಟ್' ಹಿಡಿಯಿರಿ. 32 ಬಾರ್. ಮೊದಲ 16 ಬಾರ್ ಡಿ ಡೋರಿಯನ್, ಅಂದರೆ ಡಿಯನ್ನು ಸ ಮಾಡಿಕೊಂಡ ಖರಹರಪ್ರಿಯ, ಕೀಬೋರ್ಡಿನಲ್ಲಿ ಬರೀ ಬಿಳಿ ಮನೆಗಳು. ಆಮೇಲೆ 8 ಬಾರ್ ಇಡೀ ರಾಗವನ್ನು ಒಂದು ಮೆಟ್ಟಿಲು ಎತ್ತಿ ಇ ಫ್ಲಾಟ್‌ಗೆ, ಮತ್ತೆ 8 ಬಾರ್ ಡಿಗೆ. ಶ್ರುತಿಪೆಟ್ಟಿಗೆಯವರಿಗೆ ತಲೆ ಗಿರ್ರ್ ಅನ್ನುತ್ತದೆ. ಆದರೆ ಕಾರ್ಡು ಕಡಿಮೆ, ಉಸಿರಾಡಲು ಜಾಗ ಜಾಸ್ತಿ.

ಮಾತಿಗೆ ಮಾತು

ಈಗ ಒಡಹುಟ್ಟಿದವರಿಗೇ ಹೇಳಿ ಮಾಡಿಸಿದ ಅಭ್ಯಾಸ. ಇದನ್ನು ಟ್ರೇಡಿಂಗ್ ಫೋರ್ಸ್ ಅನ್ನುತ್ತಾರೆ. ನಾಲ್ಕು ಬಾರ್ ನೀವು, ನಾಲ್ಕು ಬಾರ್ ಅವರು. ತನಿ ಆವರ್ತನದಲ್ಲಿ ಮೃದಂಗದವರೂ ಖಂಜಿರದವರೂ ಒಬ್ಬರಾದ ಮೇಲೊಬ್ಬರು ನುಡಿಸುವುದು ನೋಡಿದ್ದೀರಲ್ವಾ, ಅದೇ ಜಾತಿ.

ಹನ್ನೆರಡು ಬಾರ್‌ನ ಬ್ಲೂಸ್‌ನಲ್ಲಿ ಇದಕ್ಕೊಂದು ಮಜಾ ಇದೆ. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು. ಆಡುವವರು ಇಬ್ಬರು. ಹಾಗಾಗಿ ಮೊದಲ ಸುತ್ತಿನಲ್ಲಿ ಅಣ್ಣ-ತಂಗಿ-ಅಣ್ಣ ಅಂತ ಬಂದರೆ ಎರಡನೇ ಸುತ್ತಿನಲ್ಲಿ ತಾನಾಗಿಯೇ ತಂಗಿ-ಅಣ್ಣ-ತಂಗಿ ಆಗುತ್ತದೆ. ಎಫ್ 7 ಮೇಲೆ ನುಡಿಸಿದವರಿಗೆ ಮುಂದಿನ ಸಲ ಬಿ ಫ್ಲಾಟ್ 7 ಬರುವ ನಡುವಿನ ತುಂಡು ಸಿಗುತ್ತದೆ. ಯಾರೂ ಸುಲಭದ ಭಾಗದಲ್ಲಿ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಕೊನೆಯ ಹೋಳಿಗೆಯನ್ನು ಹಂಚುವುದಕ್ಕೂ ಇಷ್ಟು ನ್ಯಾಯವಾದ ದಾರಿ ನಾನು ಕಂಡಿಲ್ಲ.

ನಿಯಮ ಒಂದೇ. ಅವರು ನುಡಿಸಿದ ಕೊನೆಯ ಎರಡು ಮೂರು ಸ್ವರದಿಂದಲೇ ನಿಮ್ಮ ಮಾತು ಶುರುವಾಗಬೇಕು. ಇಲ್ಲದಿದ್ದರೆ ಅದು ಇಬ್ಬರು ಒಂದೇ ರೂಮಿನಲ್ಲಿ ಬೇರೆ ಬೇರೆ ಫೋನಿನಲ್ಲಿ ಮಾತಾಡಿದ ಹಾಗೆ. ಇದಕ್ಕೆ ಕೇಳಬೇಕು. ಹೆಚ್ಚಿನವರು ಕೇಳುವುದಿಲ್ಲ, ತಮ್ಮ ಸರದಿಗೆ ಏನು ನುಡಿಸಲಿ ಅಂತ ಯೋಚಿಸುತ್ತಾ ಕೂರುತ್ತಾರೆ. ಸಿಕ್ಕಿಬೀಳುವುದು ಸುಲಭ: ನಿಲ್ಲಿಸಿ, "ನಾನು ಈಗ ನುಡಿಸಿದ್ದು ಹಾಡು ನೋಡೋಣ" ಅಂತ ಕೇಳಿ.

ಒಬ್ಬರು ಸೋಲೋ ನುಡಿಸುವಾಗ ಇನ್ನೊಬ್ಬರು ಪಕ್ಕವಾದ್ಯ. ಕೀಬೋರ್ಡು, ಗಿಟಾರಿನವರಿಗೆ ಹೇಳುತ್ತಿದ್ದೇನೆ, ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ ಎರಡೇ ಸಾಕು, ಅದೂ ಬಾರ್‌ಗೆ ಒಂದೋ ಎರಡೋ ಪೆಟ್ಟು. ನಾನು ಹತ್ತೂ ಬೆರಳು ಒತ್ತುತ್ತಿದ್ದೆ. ಕೊನೆಗೆ ಒಂದು ದಿನ ತಂಗಿ ಸ್ಯಾಕ್ಸೋಫೋನ್ ಕೆಳಗಿಟ್ಟು, "ಅಣ್ಣಾ, ಸ್ವಲ್ಪ ಕೈ ಕಟ್ಕೊಂಡು ಕೂತ್ಕೋ. ನಾನು ನುಡಿಸೋದು ನಂಗೇ ಕೇಳಿಸ್ತಿಲ್ಲ" ಅಂದಳು. ಬೇಜಾರಾಯಿತು. ಎರಡು ದಿನ ಮಾತಾಡಲಿಲ್ಲ. ಅವಳು ಹೇಳಿದ್ದು ಸರಿ ಅಂತ ಗೊತ್ತಾದದ್ದು ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿದಾಗ. ಹಾಗಾಗಿ ರೆಕಾರ್ಡ್ ಮಾಡಿ, ಆದರೆ ಅವತ್ತೇ ಕೇಳಬೇಡಿ, ಮರುದಿನ ಕೇಳಿ. ಅವತ್ತಿನ ಕಿವಿ ತುಂಬಾ ಹೊಗಳುತ್ತದೆ, ಇಲ್ಲ ತುಂಬಾ ಬೈಯುತ್ತದೆ. ಕೇಳಿದ ಮೇಲೆ ನುಡಿಸಿದವರೇ ಮೊದಲು ತಮ್ಮ ತಪ್ಪು ಹೇಳಬೇಕು, ಇನ್ನೊಬ್ಬರು ಒಂದೇ ಒಂದು ಮಾತು ಸೇರಿಸಬಹುದು. ಒಂದೇ. ಎರಡನೆಯದಕ್ಕೆ ಜಗಳ ಶುರು.

ದೊಡ್ಡವರ ಸೋಲೋಗಳನ್ನು ಕಿವಿಯಿಂದಲೇ ಕಲಿಯಿರಿ. ಪೂರ್ತಿ ಬೇಡ, ನಾಲ್ಕು ಬಾರ್ ಸಾಕು. ಯೂಟ್ಯೂಬಿನಲ್ಲಿ ವೇಗ 0.75ಕ್ಕೋ 0.5ಕ್ಕೋ ಇಳಿಸಿ, ಮೊದಲು ಹಾಡಿ, ಸ್ವರ ಹಾಕಿ ಹಾಡಲು ಬಂದಮೇಲೆ ವಾದ್ಯ ಮುಟ್ಟಿ. ಬರೆದಿಟ್ಟದ್ದನ್ನು ನೋಡಿ ನುಡಿಸಿದರೆ ಕೈಗೆ ಬರುತ್ತದೆ, ಕಿವಿಗೆ ಬರುವುದಿಲ್ಲ. ಡ್ರಮ್ಸ್, ಬಾಸ್ ಇಲ್ಲದ ಕೊರತೆಗೆ ಐರಿಯಲ್ ಪ್ರೋ ಥರದ ಆಪ್‌ಗಳಿವೆ, ಹಾಡಿನ ಕಾರ್ಡುಗಳನ್ನು ಹಾಕಿದರೆ ಹಿಮ್ಮೇಳ ನುಡಿಸುತ್ತವೆ. ವಾರಕ್ಕೆ ಎರಡು ದಿನ ಸಾಕು. ಮೆಷಿನ್ನು ನೀವು ತಪ್ಪಿದರೆ ಕಾಯುವುದಿಲ್ಲ, ನಗುವುದೂ ಇಲ್ಲ. ಅಣ್ಣನೋ ತಂಗಿಯೋ ಎರಡೂ ಮಾಡುತ್ತಾರೆ.

ದಿನಕ್ಕೆ ಎಷ್ಟು ಹೊತ್ತು ಅಂದರೆ ಇಬ್ಬರೂ ಸೇರಿ 45 ನಿಮಿಷ. ಅದರಲ್ಲಿ ಹತ್ತು ನಿಮಿಷ ಕೇಳಿ ಹಾಡುವುದು, ಹದಿನೈದು ನಿಮಿಷ ಆ ಮೂರು-ಏಳರ ಎಳೆಗಳು, ಉಳಿದದ್ದು ಮಾತಿಗೆ ಮಾತು. ಒಬ್ಬೊಬ್ಬರೇ ಮಾಡುವ ಸಾಧಕ ಇದರ ಲೆಕ್ಕಕ್ಕೆ ಬರುವುದಿಲ್ಲ. ಅದು ಅವರವರ ಹಣೆಬರಹ.

ದಾರಿ ಎರಡಾದಾಗ

ನಾಲ್ಕೈದು ವರ್ಷ ಆದಮೇಲೆ ಒಂದು ಪ್ರಶ್ನೆ ಬರುತ್ತದೆ. ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುವುದಾ? ಮನೆಯವರು ಇಬ್ಬರನ್ನೂ ಒಟ್ಟಿಗೇ ಕೂರಿಸಿ ಕೇಳುತ್ತಾರೆ, ಅದೇ ತಪ್ಪು. ಉತ್ತರ ಇಬ್ಬರದ್ದೂ ಒಂದೇ ಆಗಬೇಕಿಲ್ಲ. ಬೇರೆ ಬೇರೆಯಾಗಿ ಕೂತು ಮಾತಾಡಿ.

ಜೋನ್ಸ್ ಸಹೋದರರ ಕಥೆ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಹಿರಿಯ ಹ್ಯಾಂಕ್, ಎಲಾ ಫಿಟ್ಜ್‌ಜೆರಾಲ್ಡ್‌ರಂಥ ಗಾಯಕಿಗೆ ಪಕ್ಕವಾದ್ಯ ನುಡಿಸಿದವರು. ಆಮೇಲೆ ಸಿಬಿಎಸ್ ಅನ್ನುವ ಟಿವಿ ಕಂಪನಿಯ ಸ್ಟುಡಿಯೋದಲ್ಲಿ ಸಂಬಳದ ಪಿಯಾನೋ ವಾದಕರಾಗಿ ಸೇರಿ 1959ರಿಂದ 1975ರವರೆಗೆ ಅಲ್ಲೇ ಇದ್ದರು. 1962ರಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದರಲ್ಲ, ಆ ಪಿಯಾನೋದಲ್ಲಿದ್ದವರು ಇದೇ ಹ್ಯಾಂಕ್. ಅದೇ ವರ್ಷ ಕಿರಿಯ ತಮ್ಮ ಎಲ್ವಿನ್, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಬ್ಯಾಂಡಿನಲ್ಲಿ ಮೈಯೆಲ್ಲ ಬೆವರಾಗುವಂತೆ ಡ್ರಮ್ಸ್ ಬಾರಿಸುತ್ತಿದ್ದರು. ಅವರು 1960ರಿಂದ 1966ರವರೆಗೆ ಅಲ್ಲಿದ್ದರು, ಆ ಉರುಳುವ ತಿಶ್ರದ ನಡೆಯಿಂದ ಡ್ರಮ್ಸ್ ನುಡಿಸುವ ರೀತಿಯನ್ನೇ ಬದಲಾಯಿಸಿದರು. ನಡುವಿನ ಥ್ಯಾಡ್, ಕೌಂಟ್ ಬೇಸಿಯವರ ಬ್ಯಾಂಡಿನಲ್ಲಿ ಒಂಬತ್ತು ವರ್ಷ ಕಳೆದು, ಡ್ರಮ್ಮರ್ ಮೆಲ್ ಲೂಯಿಸ್ ಜೊತೆ ಸ್ವಂತ ಆರ್ಕೆಸ್ಟ್ರಾ ಕಟ್ಟಿದರು. 1966ರ ಫೆಬ್ರವರಿಯಿಂದ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ರಾತ್ರಿ ನುಡಿಸಿದರು. ಆ ಸೋಮವಾರಗಳು ಅವರು ಹೋದಮೇಲೂ ಮುಂದುವರಿದವು. ಥ್ಯಾಡ್ ಮಾತ್ರ 1970ರ ದಶಕದ ಕೊನೆಗೆ ಎಲ್ಲ ಬಿಟ್ಟು ಕೋಪನ್‌ಹೇಗನ್‌ಗೆ ಹೋಗಿಬಿಟ್ಟರು.

ಒಂದೇ ಮನೆ, ಮೂರು ದಾರಿ. ಸಂಬಳದ ಸ್ಟುಡಿಯೋ ಕೆಲಸದಿಂದ ಹ್ಯಾಂಕ್‌ರ ಕೈ ತುಕ್ಕು ಹಿಡಿಯಿತು ಅಂದುಕೊಂಡರೆ ಅದೂ ಇಲ್ಲ. ಆ ಕೆಲಸ ಮುಗಿದಾಗ 57 ವರ್ಷ, ಆಮೇಲೆ ಇನ್ನೂ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದಾದ ಮೇಲೊಂದು ರೆಕಾರ್ಡ್ ಮಾಡಿದರು. 2010ರಲ್ಲಿ ತೀರಿಕೊಂಡಾಗ ವಯಸ್ಸು 91. ನೌಕರಿಗೆ ಸೇರಿದವನಾದ್ದರಿಂದ ನನಗೆ ಹ್ಯಾಂಕ್ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ.

ಮಾರ್ಸಾಲಿಸ್ ಮನೆಯಲ್ಲಿ ಬೇರೆ ಥರ ಆಯಿತು. ವಿಂಟನ್ ಮತ್ತು ಬ್ರಾನ್‌ಫರ್ಡ್ ನಡುವೆ ಒಂದೇ ವರ್ಷದ ಅಂತರ, ಬ್ರಾನ್‌ಫರ್ಡ್ ದೊಡ್ಡವರು. ಆದರೆ ಬ್ಯಾಂಡು ತಮ್ಮನದು, ಅಣ್ಣ ಅದರಲ್ಲಿ ಸ್ಯಾಕ್ಸೋಫೋನು. 1985ರಲ್ಲಿ ಬ್ರಾನ್‌ಫರ್ಡ್ ಪಾಪ್ ಗಾಯಕ ಸ್ಟಿಂಗ್ ಜೊತೆ ಹೋದರು, ಪಿಯಾನೋದ ಕೆನ್ನಿ ಕರ್ಕ್‌ಲ್ಯಾಂಡ್ ಕೂಡ ಹೋದರು. ತಮ್ಮನಿಗೆ ಹಿಡಿಸಲಿಲ್ಲ, ಅದು ಊರಿಗೆಲ್ಲ ಗೊತ್ತಾಯಿತು. ಆಮೇಲೆ ವಿಂಟನ್ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಜಾಝ್‌ಗೆ ಒಂದು ದೊಡ್ಡ ಸಂಸ್ಥೆಯನ್ನೇ ಕಟ್ಟಿ ನಿಲ್ಲಿಸಿದರು, 1997ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಬ್ರಾನ್‌ಫರ್ಡ್ 1992ರಿಂದ 1995ರವರೆಗೆ ಟಿವಿಯ ಟುನೈಟ್ ಶೋಗೆ ಬ್ಯಾಂಡ್ ನಡೆಸಿ, ಸಾಕಾಗಿ ಬಿಟ್ಟು, ತಮ್ಮ ಕ್ವಾರ್ಟೆಟ್‌ಗೆ ಮರಳಿದರು. ಡೆಲ್ಫಿಯೋ ಟ್ರಾಂಬೋನ್ ಜೊತೆಗೆ ಅಪ್ಪ, ಅಣ್ಣಂದಿರ ರೆಕಾರ್ಡುಗಳಿಗೆ ಪ್ರೊಡ್ಯೂಸರ್ ಆದರು. ಅಪ್ಪ ಎಲ್ಲಿಸ್ ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತಿಯಾದಾಗ, 2001ರಲ್ಲಿ, ಎಲ್ಲರೂ ಒಂದೇ ವೇದಿಕೆ ಮೇಲೆ ನುಡಿಸಿದರು.

ಇದರಿಂದ ನಿಮಗೆ ಸಿಗುವ ಕೆಲಸದ ಮಾತು ಏನು ಅಂದರೆ, "ಸಂಗೀತಗಾರ ಆಗಬೇಕಾ ಬೇಡವಾ" ಅನ್ನುವ ಪ್ರಶ್ನೆ ತುಂಬಾ ದಪ್ಪ. ಅದನ್ನು ಸಣ್ಣಗೆ ಹೆಚ್ಚಿ. ಮುಂದೆ ನಿಂತು ನುಡಿಸುವುದು ಇಷ್ಟವಾ, ಇನ್ನೊಬ್ಬರಿಗೆ ಪಕ್ಕ ನುಡಿಸುವುದಾ? ಬೇರೆಯವರಿಗೆ ನುಡಿಸಲು ಬರೆದುಕೊಡುವುದಾ? ಪಾಠ ಹೇಳುವುದಾ? ಮೈಕು, ರೆಕಾರ್ಡಿಂಗು, ಮಿಕ್ಸಿಂಗಾ? ಆರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಸುಮ್ನೆ ಬರೆಯಿರಿ, ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಯಾವುದಕ್ಕೆ ಗಡಿಯಾರ ನೋಡಿದಿರಿ ಅಂತ. ನನ್ನ ನೋಟ್‌ಬುಕ್ಕಿನಲ್ಲಿ ಕಾರ್ಯಕ್ರಮದ ದಿನಗಳ ಎದುರು ಬಹಳ ಸಲ 'ಹೊಟ್ಟೆ ನೋವು' ಅಂತಿತ್ತು. ತಂಗಿಯ ನೋಟ್‌ಬುಕ್ಕಿನಲ್ಲಿ ಅದೇ ದಿನಗಳಿಗೆ 'ಇನ್ನೂ ಎರಡು ಹಾಡು ಬೇಕಿತ್ತು' ಅಂತ. ಇದಕ್ಕಿಂತ ಸ್ಪಷ್ಟ ಉತ್ತರ ಜ್ಯೋತಿಷಿಯೂ ಕೊಡಲಾರ.

ದುಡ್ಡಿನ ಮಾತು ಮೊದಲೇ ಆಡಿ. ಒಟ್ಟಿಗೆ ಕಾರ್ಯಕ್ರಮ ಕೊಡುವಾಗ ಬಂದದ್ದನ್ನು ಮೂರು ಪಾಲು ಮಾಡಿ, ಇಬ್ಬರಿಗೆ ಒಂದೊಂದು, ಮೂರನೆಯದು ರೀಡು, ಕೇಬಲ್ಲು, ಆಟೋ ಖರ್ಚಿಗೆ. ನಾವು ಮೊದಲಿಗೆ ಹಾಗೆ ಮಾಡಲಿಲ್ಲ. ಒಂದು ಹೋಟೆಲಿನಲ್ಲಿ ವಾರಾಂತ್ಯಕ್ಕೆ ನುಡಿಸುತ್ತಿದ್ದೆವು. ಊಟದ ಹೊತ್ತಿಗೆ ಸಿನಿಮಾ ಹಾಡು ನುಡಿಸಿ ಅಂದರು, ನುಡಿಸಿದೆವು, ಮೂರು ತಿಂಗಳು ದುಡ್ಡು ಕೊಡಲಿಲ್ಲ. ಕೊಟ್ಟಾಗ ಯಾರ ಖಾತೆಗೆ ಎಷ್ಟು ಅನ್ನುವ ಲೆಕ್ಕ ಇಬ್ಬರಿಗೂ ಮರೆತುಹೋಗಿತ್ತು. ಹೋಟೆಲಿನವರ ಮೇಲಿನ ಸಿಟ್ಟೆಲ್ಲ ನಾವು ನಾವೇ ತೀರಿಸಿಕೊಂಡೆವು. ಈಗ ನಾನು ಆಡಿಟ್ ಮಾಡುತ್ತೇನೆ ಅಂದರೆ ತಂಗಿ ನಗುವುದು ಅದಕ್ಕೇ.

ಸಂಗೀತ ಬಿಟ್ಟು ಬೇರೆ ಕೆಲಸಕ್ಕೆ ಹೋದವರು ವಾದ್ಯ ಮಾರಬೇಡಿ, ಅಟ್ಟಕ್ಕೂ ಹಾಕಬೇಡಿ, ಕಣ್ಣಿಗೆ ಬೀಳುವ ಕಡೆ ಇಡಿ. ಇನ್ನೊಬ್ಬರು ಸಾಧನೆ ಮಾಡುತ್ತಿರುವಾಗ ನಿಮ್ಮ ಕೆಲಸ ಕೇಳುವುದು. ಅದು ಚಿಕ್ಕ ಕೆಲಸ ಅಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ಟರು, ನಮ್ಮ ಕದ್ರಿ ಗೋಪಾಲನಾಥರದ್ದು. ಜಾಝ್ ನುಡಿಸುವ ತಮ್ಮನಿಗೆ ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ಕೇಳಿ ತಲೆ ತಿರುಗಿತು. ಮುಂದೆ ಮಂಗಳೂರು ಕಡೆಯ ಆ ಗೋಪಾಲನಾಥರ ಜೊತೆಗೇ ಕೂತು ನುಡಿಸಿದರು, 2008ರಲ್ಲಿ 'ಕಿನ್ಸ್‌ಮೆನ್' ಅನ್ನುವ ಆಲ್ಬಮ್ ಬಂತು. ಹುಡುಕಿ ಕೇಳಿ, ಇಬ್ಬರೂ ಆಲ್ಟೋ, ಯಾರು ಯಾರು ಅಂತ ಕಣ್ಣು ಮುಚ್ಚಿ ಹೇಳುವ ಆಟ ಆಡಬಹುದು.

ಊರು ಬೇರೆಯಾದ ಮೇಲೆ

ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ನುಡಿಸಲು ಹೋಗಬೇಡಿ. ಶಬ್ದ ತಡವಾಗಿ ತಲುಪುತ್ತದೆ, ಒಬ್ಬರು ಇನ್ನೊಬ್ಬರನ್ನು ಕಾಯುತ್ತಾ ಕಾಯುತ್ತಾ ಕಾಲ ಬಸವನಹುಳುವಿನ ಹಾಗೆ ಇಳಿಯುತ್ತದೆ. ನಾವು ಒಂದು ಭಾನುವಾರ ಪೂರ್ತಿ ಪ್ರಯತ್ನಿಸಿ ಕೈಬಿಟ್ಟೆವು.

ಬದಲಿಗೆ ಹೀಗೆ ಮಾಡಿ. ಒಬ್ಬರು ಕಿವಿಯಲ್ಲಿ ಮೆಟ್ರೋನೋಮ್ ಹಾಕಿಕೊಂಡು ಬ್ಲೂಸ್‌ನ ಆರು ಸುತ್ತು ಕಾರ್ಡು ನುಡಿಸಿ ರೆಕಾರ್ಡ್ ಮಾಡಿ, ಮುಂದುಗಡೆ "ಒಂದು, ಎರಡು, ಮೂರು, ನಾಲ್ಕು" ಅಂತ ಬಾಯಲ್ಲಿ ಎಣಿಸಿ. ಎಣಿಕೆ ಇಲ್ಲದಿದ್ದರೆ ಆ ಕಡೆಯವರಿಗೆ ಎಲ್ಲಿ ಸೇರಿಕೊಳ್ಳಬೇಕು ಗೊತ್ತಾಗುವುದಿಲ್ಲ. ಸೋಲೋಗೆ ಜಾಗ ಬಿಟ್ಟು, ನಾಲ್ಕು ಬಾರ್ ನೀವು, ನಾಲ್ಕು ಬಾರ್ ಬರೀ ಕಾರ್ಡು. ಆ ಕಡೆಯವರು ಇಯರ್‌ಫೋನಿನಲ್ಲಿ ಅದನ್ನು ಕೇಳುತ್ತಾ ಖಾಲಿ ಜಾಗ ತುಂಬಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಇಯರ್‌ಫೋನ್ ವೈರಿಂದೇ ಇರಲಿ, ಬ್ಲೂಟೂತ್‌ನಲ್ಲಿ ಅಲ್ಲೂ ತಡ. ವಾಟ್ಸ್ಆಪ್‌ನಲ್ಲಿ ಕಳಿಸುವಾಗ ಆಡಿಯೋವನ್ನು ಡಾಕ್ಯುಮೆಂಟ್ ಅಂತ ಕಳಿಸಿ. ಎರಡನ್ನೂ ಒಂದರ ಮೇಲೊಂದು ಕೂರಿಸಲು ಆಡಾಸಿಟಿ ಥರದ ಪುಕ್ಕಟೆ ಸಾಫ್ಟ್‌ವೇರ್ ಸಾಕು, ಆ ಬಾಯಿಯ ಎಣಿಕೆ ನೋಡಿ ಹೊಂದಿಸಿ.

ತಿಂಗಳಿಗೆ ಒಂದು ಅಂತ ಇಟ್ಟುಕೊಂಡಿದ್ದೇವೆ. ಈ ತಿಂಗಳ ಸರದಿ ನನ್ನದು. ಮಾರ್ಚ್ ಲೆಕ್ಕ ಮುಗಿಸುವ ಗಲಾಟೆಯಲ್ಲಿ ಎರಡು ವಾರ ತಡವಾಗಿದೆ. ನಿನ್ನೆ ರಾತ್ರಿ ಅವಳಿಂದ ಒಂದು ಫೈಲು ಬಂತು, ನಾನು ಕಳಿಸದೇ ಇದ್ದ ಕಾರ್ಡುಗಳ ಮೇಲೆ ಅವಳು ತನ್ನ ಪಾಲಿನ ನಾಲ್ಕು ನಾಲ್ಕು ಬಾರ್ ನುಡಿಸಿಬಿಟ್ಟಿದ್ದಾಳೆ, ನನ್ನ ಸರದಿ ಬಂದ ಕಡೆಯಲ್ಲೆಲ್ಲ ಬರೀ ಫ್ಯಾನಿನ ಶಬ್ದ, ಜೊತೆಗೆ ಅವಳ ಕಾಲಿನ ಟಕ್ ಟಕ್. ಎರಡು, ನಾಲ್ಕು, ಎರಡು, ನಾಲ್ಕು.